ಕತ್ತಾಳೆ ನಾರಿನ ಕಾಲು

೧೯೭೭, ನವೆಂಬರ್ ೧೭, ಬೆಳಗ್ಗೆ ಆರೂವರೆ. ಚಿತ್ರದುರ್ಗ.

ಹಿತ್ತಲ ಬಾಗಿಲ ಹೊರಗೆ ಕಿರ್ ಎಂದಂತಾಗಿ ಎದ್ದೆ. ಯಾರೂ ಇರಲಿಲ್ಲ. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ. ಅದು ಒಂದು ಕಾಲಿನ ಸದ್ದು. ಆ ಕಾಲು ಈಗ ಎಲ್ಲಿದೆಯೋ ಗೊತ್ತಿಲ್ಲ. ಗೊತ್ತಿರುವಷ್ಟನ್ನು ಈ ಪತ್ರಿಕೆ ಓದುವವರಿಗೆ ಬರೆಯುತ್ತೇನೆ.

ಮದಕರಿಪುರದ ಕಡೆಯ ಕುರಿ ಕಾಯುವವರೊಬ್ಬರಿಗೆ ಲಾರಿ ಬಡಿದು ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಅಪ್ಪನ ಕಾಲದಿಂದಲೂ ಮನೆಗೆ ಬಂದು ಹೋಗುವವರು. ನಾನೂ ಅಣ್ಣನೂ ಮಾವ ಅಂತಲೇ ಕರೆಯುತ್ತಿದ್ದೆವು. ಅವರ ಮರದ ಕಾಲು ತುಂಬ ಭಾರ. ಮಂದೆ ಮುಂದೆ ಹೋಗಿಬಿಡುತ್ತಿತ್ತು, ಅವರು ಹಿಂದೆ ಉಳಿಯುತ್ತಿದ್ದರು. ಅಣ್ಣ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಕೆಲಸ ಕಲಿಸುತ್ತಾನೆ. ಕತ್ತಾಳೆ ನಾರನ್ನು ಪದರ ಪದರವಾಗಿ ಹಾಸಿ, ಪ್ರತಿ ಪದರಕ್ಕೂ ರೆಸಿನ್ ಬಳಿದು, ಒಳಗೆ ಪೊಳ್ಳಾದ ಕಾಲೊಂದನ್ನು ಮಾಡಿಕೊಟ್ಟ. ರೆಸಿನ್ ಎಂದರೆ ಬಳಿಯುವಾಗ ಜೇನಿನಂತಿದ್ದು, ಆಮೇಲೆ ಕಲ್ಲಾಗುವ ಅಂಟು. ಕೊಡುವ ಮುಂಚೆ ತೂಗಿದವಳು ನಾನು: ಒಂದು ಕಿಲೋ ಇನ್ನೂರು ಗ್ರಾಂ.

ಬೇಸಿಗೆಯೆಲ್ಲ ಚೆನ್ನಾಗಿತ್ತು. ಈಗ ಕುರಿಗಳೇ ತನ್ನ ಹಿಂದೆ ಉಳಿಯುತ್ತವೆ ಎಂದು ಮಾವ ನಗುತ್ತಿದ್ದರು. ಸೆಪ್ಟೆಂಬರಿನಲ್ಲಿ, ಮಳೆ ಹಿಡಿದ ಮೇಲೆ, ಬಂದು ಜಗಲಿಯ ಮೇಲೆ ಕೂತು ದನಿ ತಗ್ಗಿಸಿದರು.

"ಮೇಷ್ಟ್ರೇ, ನಗಬ್ಯಾಡ್ರಿ. ಇಲ್ಲದ ಪಾದ ಒದ್ದೆ ಆಗೈತೆ."

ಅಣ್ಣ ನಕ್ಕ. "ಹಂಗಾದ್ರೆ ಬೆರಳ ಸಂದಿ ಒರೆಸ್ಕಳ್ರಿ ಮಾವ" ಎಂದ.

ಮಾವ ನಗಲಿಲ್ಲ. ಕಾಲು ಬಿಚ್ಚಿಟ್ಟು ಕಂಬಳಿ ಹೊದ್ದು ಮಲಗಿದರೂ ಆ ಪಾದ ತಣ್ಣಗೆ ಕೊರೆಯುತ್ತದಂತೆ. ಹಗಲು ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಕಿರ್ ಅನ್ನುತ್ತದಂತೆ. ನಾನು ಕಾಲನ್ನು ತಕ್ಕಡಿಗೆ ಹಾಕಿದೆ. ಎಪ್ಪತ್ತು ಗ್ರಾಂ ಹೆಚ್ಚಿತ್ತು. ಒರೆಸಿ ಮತ್ತೆ ತೂಗಿದೆ, ಅಷ್ಟೇ ಇತ್ತು. ಅಣ್ಣನ ನಗು ನಿಂತಿತು.

ಹಿಮ್ಮಡಿಯ ಮೇಲೆ ಸಣ್ಣ ತೂತು, ಅದರಲ್ಲಿ ಕರಿದಾರ. ಹೊಸ ಕಾಲನ್ನು ಊರೆಲ್ಲ ಹೊಗಳಿದ್ದರಿಂದ ದೃಷ್ಟಿಯಾಗದಿರಲಿ ಎಂದು ಮಾವನ ಅವ್ವ ಕಟ್ಟಿಸಿದ್ದು. ನುಣ್ಣನೆಯ ಕಾಲಿನ ಮೇಲೆ ದಾರ ನಿಲ್ಲದೆ ಜಾರುತ್ತಿತ್ತಂತೆ, ಅದಕ್ಕೇ ದಬ್ಬಳ ಕಾಯಿಸಿ ತೂತು ಮಾಡಿದ್ದರು. ರೆಸಿನ್ ನೀರನ್ನು ಒಳಗೆ ಬಿಡುವುದಿಲ್ಲ, ಆದರೆ ನಾರು ಕುಡಿಯುತ್ತದೆ, ಎಂದ ಅಣ್ಣ. ತೂತಿನಲ್ಲಿ ನಾರಿನ ತುದಿಗಳು ಬಾಯಿ ಬಿಟ್ಟಿದ್ದವು. ಬತ್ತಿಯಲ್ಲಿ ಎಣ್ಣೆ ಏರಿದಂತೆ ನೀರು ನಾರು ಹಿಡಿದು ಒಳಗೊಳಗೇ ಏರಿತ್ತು. ನಾರು ಉಬ್ಬಿ, ಅಂಟಿನಿಂದ ಬಿಡಿಸಿಕೊಳ್ಳುತ್ತಿತ್ತು.

"ದೃಷ್ಟಿಗೆ ಅಂತ ಬಾಗ್ಲು ಹಾಕಿದ್ರೆ ನೀರು ಕಿಟಕೀಲಿ ಬಂತಲ್ಲಪ್ಪ" ಎಂದರು ಮಾವ.

ಕಾಲನ್ನು ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದೆವು. ಅಮ್ಮ ಅಡುಗೆಮನೆಗೆ ಹೋಗುವಾಗ ಕೆಮ್ಮಿ ಹೋಗುತ್ತಿದ್ದಳು, ಒಳಗೆ ಯಾರೋ ಗಂಡಸು ನಿಂತಿದ್ದಂತೆ. ನಾನು ದಿನಾ ತೂಗುತ್ತಿದ್ದೆ. ಹನ್ನೆರಡನೆಯ ದಿನ ಸರಿಯಾಗಿ ಒಂದು ಕಿಲೋ ಇನ್ನೂರು ಗ್ರಾಂಗೆ ಬಂತು. ಅಣ್ಣ ತೂತಿಗೆ ರೆಸಿನ್ ತುಂಬಿ, ಕರಿದಾರವನ್ನು ಮೇಲಿಂದಲೇ ಅಂಟಿಸಿ ಕೊಟ್ಟ. ಮಾರನೆಯ ದಿನ ಮಾವ ಮಂದೆ ಹೊಡೆದುಕೊಂಡು ಹಿರಿಯೂರಿನ ಕಡೆ, ಮಾರಿಕಣಿವೆ ನಾಲೆಯ ಹೊಲಗಳಿಗೆ ಹೊರಟರು.

ಈ ನಡುವೆ ಅಣ್ಣ ಅದೇ ನಾರಿನ ಮೂರು ಪಟ್ಟಿ ಮಾಡಿದ್ದ. ಒಣಗಿದ ಪಟ್ಟಿಗೆ ಇಟ್ಟಿಗೆ ತೂಗುಹಾಕುತ್ತ ಹೋದರೆ ಹನ್ನೊಂದನೆಯದಕ್ಕೆ ಮುರಿಯಿತು. ಬಕೆಟ್ಟಿನಲ್ಲಿ ನೆನೆದದ್ದು ಏಳಕ್ಕೇ ಮುರಿಯಿತು. ಮೂರನೆಯದನ್ನು ನೆನೆಸಿ, ಮತ್ತೆ ಮೊದಲಿನ ತೂಕಕ್ಕೆ ಬರುವವರೆಗೆ ಒಣಗಿಸಿದೆವು. ನೋಡಲು ಎಂದೂ ನೀರು ಕಾಣದ ಪಟ್ಟಿಯಂತೆಯೇ ಇತ್ತು. ಎಂಟಕ್ಕೆ ಮುರಿಯಿತು. ಮುರಿದಲ್ಲಿ ನಾರುಗಳು ಬೆಣ್ಣೆಯಿಂದ ಕೂದಲು ಎಳೆದಂತೆ ಸಲೀಸಾಗಿ ಕಿತ್ತು ಬಂದಿದ್ದವು.

"ತೂಕ ಸರಿ ಇತ್ತಲ್ಲೇ" ಎಂದ ಅಣ್ಣ. ಮಾವ ಹೋಗಿ ಆಗಲೇ ಒಂಬತ್ತು ದಿನವಾಗಿತ್ತು.

ಮೂರು ಭಾನುವಾರ ಬಸ್ಸಿನಲ್ಲಿ ಹೋಗಿ ಹುಡುಕಿದೆವು. ಮಾರಿಕಣಿವೆಯ ಹತ್ತಿರ ನಾಲೆಯ ನೀರು ಬಿಡುವವನೊಬ್ಬ ಅವರನ್ನು ಕಂಡಿದ್ದ. ನಾಲೆ ದಾಟುವಾಗ ಕಾಲು ಬಿಚ್ಚಿ, ಕಂಬಳಿಯಲ್ಲಿ ಸುತ್ತಿ, ತಲೆಯ ಮೇಲೆ ಇಟ್ಟುಕೊಂಡು, ಸೊಂಟದವರೆಗಿನ ನೀರಿನಲ್ಲಿ ಕೋಲೂರಿ ಹೋದರಂತೆ. ಆಚೆ ದಡದಲ್ಲಿ ಕೂತು ಅದನ್ನು ಕೂಸನ್ನು ಒರೆಸಿದ ಹಾಗೆ ಒರೆಸಿದರಂತೆ. ಆಮೇಲೆ ಕಟ್ಟಿಕೊಂಡು ಬದುವಿನಿಂದ ಧುಮುಕಿ ಕುರಿಗಳ ಹಿಂದೆ ಹೋದರಂತೆ.

ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ಮಾವ ನೀರನ್ನು ನಂಬುವುದಿಲ್ಲ. ಕಾಲನ್ನು ನಂಬಿದ್ದಾರೆ.

ಹೊಸದುರ್ಗದ ಕಡೆ ಹೋದರೋ ಹೊಳಲ್ಕೆರೆಯ ಕಡೆಯೋ ಆ ಮನುಷ್ಯನಿಗೂ ತಿಳಿಯದು. ಮದಕರಿಪುರದಲ್ಲಿ ಅವರ ಅವ್ವನಿಗೂ ಸುದ್ದಿಯಿಲ್ಲ. ಅಣ್ಣ ಇನ್ನೊಂದು ಕಾಲು ಮಾಡಿ ಮುಗಿಸಿದ್ದಾನೆ. ಅದು ಒಲೆಯ ಪಕ್ಕ ನಿಂತಿದೆ.

ನಿಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿದವರಲ್ಲಿ, ಬಲಗಾಲಿನ ಹಿಮ್ಮಡಿಗೆ ಕರಿದಾರ ಅಂಟಿಸಿದವರು ಕಂಡರೆ, ಕಾಲು ಒಣಗಿದ್ದರೂ ಪೂರಾ ಭಾರ ಹಾಕಬೇಡಿ ಎಂದು ದಯವಿಟ್ಟು ಹೇಳಿ. ಎಲ್ಲಿದ್ದಾರೆಂದು ಈ ಪತ್ರಿಕೆಗೆ ಒಂದು ಕಾರ್ಡು ಹಾಕಿ. ಅವರು ನಡೆಯುವಾಗ ಕಾಲು ಕಿರ್ ಅನ್ನುತ್ತದೆಯೇ ಎಂಬುದನ್ನೂ ಬರೆಯಿರಿ.