ಬ್ರೇಕಿಗೆ ಇಬ್ಬರು ಬೇಕು

ನಮ್ಮಪ್ಪನಿಗಿಂತ ಹಳೇ ಕಾರೊಂದಕ್ಕೆ ದೊಡ್ಡ ಇಂಜಿನ್ ಕೂರಿಸಿ ಹಾಟ್ ರಾಡ್ ಮಾಡ್ತಿದ್ದೆ. ವಾರವೆಲ್ಲ ರಸ್ತೆಯಲ್ಲಿ ಓಡಬೇಕು, ಭಾನುವಾರ ಡ್ರ್ಯಾಗ್ ರೇಸಿಗೆ ಇಳಿಯಬೇಕು ಅಂತ ಆಸೆ. ಈ ಪರದೇಶದ ಸ್ಕಾರ್‌ಬರೋದಲ್ಲಿ ಹಿಡಿದಿದ್ದ ಬಾಡಿಗೆ ಗ್ಯಾರೇಜಲ್ಲಿ ಚಳಿಗಾಲವಿಡೀ ನನ್ನ ಬಿಟ್ಟರೆ ಸದ್ದು ಮಾಡ್ತಿದ್ದದ್ದು ಹೀಟರ್ ಒಂದೇ. ಎಲ್ಲಾ ಒಬ್ಬನೇ ಮಾಡಿದೆ. ಆದರೆ ಬ್ರೇಕ್ ಪೈಪಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯೋಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಟ್ಟು ಸಡಿಲಿಸಬೇಕು.

ಪಕ್ಕದ ಗ್ಯಾರೇಜಿನ ಟೋನಿಯನ್ನು ಕರೆದೆ. ವಯಸ್ಸಾದ ಮನುಷ್ಯ, ಅಲ್ಲಿವರೆಗೆ ನಮ್ಮಿಬ್ಬರದು ಬರೀ ತಲೆಯಾಡಿಸುವ ಪರಿಚಯ. ಆತ ಸೀಟಲ್ಲಿ ಕೂತ. ನಾನು ಮುಂದಿನ ಚಕ್ರ ಬಿಚ್ಚಿದ ಜಾಗದಲ್ಲಿ ಕೂತು, ಶುರು ಮಾಡಿ ಅನ್ನೋ ಅರ್ಥದಲ್ಲಿ, ನಮ್ಮ ಬಸ್ ಕಂಡಕ್ಟರುಗಳ ಹಾಗೆ "ರೈಟ್, ರೈಟ್" ಅಂದೆ. ಟೋನಿ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಬ್ರೇಕಿನ ಡ್ರಮ್ಮು ತಿರುಗಿ ನನ್ನ ಬೆರಳಿಗೆ ಬಡಿಯಿತು.

"ರೈಟ್ ಅಂದೆಯಲ್ಲ?"

"ನಮ್ಮೂರಲ್ಲಿ ರೈಟ್ ಅಂದ್ರೆ ಹೋಗು ಅಂತ."

"ಮತ್ತೆ ನಿಲ್ಲು ಅನ್ನೋಕೆ?"

"ಹೋಲ್ಡಾನ್."

ಆತ ಸ್ವಲ್ಪ ಯೋಚಿಸಿದ. "ಅದನ್ನಂತೂ ಹೇಳಬೇಡ. ನಮ್ಮಲ್ಲಿ ಹಾಗಂದ್ರೆ ಬಿಡದೆ ಹಿಡಿದುಕೋ ಅಂತ, ಪೆಡಲ್ ಒತ್ತಿಕೊಂಡೇ ಕೂತಿರ್ತೀನಿ."

ಊಟದ ಹೊತ್ತಿಗೆ ಮುಗಿಯಬೇಕಾದ ಕೆಲಸ ಸಂಜೆವರೆಗೂ ಎಳೆಯಿತು. ಇಬ್ಬರಿಗೂ ಮನೆಗೆ ಹೋಗೋ ಅವಸರ ಇರಲಿಲ್ಲ.

ಒಬ್ಬರೇ ಗಾಳಿ ತೆಗೆಯುವಂಥ ಪಂಪೊಂದು ಅಂಗಡಿಯಲ್ಲಿ ಸಿಗುತ್ತೆ. ನನ್ನ ಟೂಲ್‌ಬಾಕ್ಸಲ್ಲೂ ಒಂದಿದೆ. ಟೋನಿಯನ್ನು ಕರೆಯೋ ಮುಂಚೆ ಅದರ ಮೇಲೊಂದು ಬಟ್ಟೆ ಹಾಕಿದ್ದೆ.