ಹದಿನಾರು ವಾರಗಳ ಡೈರಿ

ಸೇಡು ತೀರಿಸಿಕೊಳ್ಳುವ ಉಪಾಯವನ್ನು ನನಗೆ ಕಲಿಸಿದ್ದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠ. ಮಿಯಾಪುರದಾಚೆಯ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷಕ್ಕೆ ಆ ವಿಷಯವಿತ್ತು. ಯಾರ ಪಾಲಿಗೆ ಯಾವ ಕೆಲಸ, ಯಾರು ಮಾಡಿದರು, ಯಾರು ಮಾಡಲಿಲ್ಲ ಎಂಬುದನ್ನು ವಾರವಾರವೂ ಪ್ರಾಜೆಕ್ಟ್ ಡೈರಿಯಲ್ಲಿ ಬರೆದು ಗುಂಪಿನವರೆಲ್ಲ ಸಹಿ ಹಾಕಬೇಕು ಎಂದು ಸರ್ ಹೇಳುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು. ಡೈರಿ ಖಾಲಿಯೇ ಇರುತ್ತಿತ್ತು.

ನಮ್ಮ ಗುಂಪಿನಲ್ಲಿ ಮೂವರು. ಲೀಡರ್ ಒಬ್ಬ ಹುಡುಗ. ಬಾಯಿ ಜೋರು, ಇಂಗ್ಲಿಷ್ ಅದಕ್ಕಿಂತ ಜೋರು, ಹಾಗಾಗಿ ಲೀಡರ್. ಇನ್ನೊಬ್ಬಳು ನನ್ನ ಗೆಳತಿ. ರಾಯಚೂರಿನವಳು, ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿದ್ದಳು. ತೆಲುಗಿನವರೇ ತುಂಬಿದ್ದ ಇಡೀ ಕ್ಲಾಸಿನಲ್ಲಿ ನಾನು ಕನ್ನಡದಲ್ಲಿ ಮಾತಾಡಬಹುದಾದವಳು ಅವಳೊಬ್ಬಳೇ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಸರದಿ ಚೀಟಿ ಕೊಡುವ ಸಾಫ್ಟ್‌ವೇರ್ ನಮ್ಮ ಪ್ರಾಜೆಕ್ಟು. ಪ್ರೋಗ್ರಾಂ ಬರೆದವಳು ನಾನು. ಪರದೆಗಳನ್ನು ಮಾಡಿ, ತಪ್ಪು ಹುಡುಕಿ ಕೊಟ್ಟವಳು ಗೆಳತಿ. ಲೀಡರ್ ಲ್ಯಾಬಿಗೆ ಬಂದದ್ದನ್ನು ಬೆರಳಲ್ಲಿ ಎಣಿಸಬಹುದಿತ್ತು.

ಆಗ ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅಲ್ಲಿಯ ಒಂದು ಕಂಪನಿ ನಮ್ಮ ಕಾಲೇಜಿಗೆ ಬಂದು ಸಂದರ್ಶನ ಮಾಡಿತು. ನನಗಿಂತ ಮೊದಲು ಲೀಡರ್ ಒಳಗೆ ಹೋಗಿ ಬಂದ. ನಾನು ಹೋಗಿ ಕೂತು ನನ್ನ ಪ್ರೋಗ್ರಾಂ ಬಗ್ಗೆ ಹೇಳಲು ಶುರುಮಾಡಿದೆ. ಎದುರಿಗಿದ್ದವರು ನಕ್ಕು, ರಿಪೋರ್ಟ್ ಟೈಪಿಂಗ್ ಮಾಡಿದ ಹುಡುಗಿ ನೀವೇ ಅಲ್ಲವೇ ಎಂದರು. ಪ್ರೋಗ್ರಾಂ ತನ್ನದು, ಟೈಪಿಂಗ್ ಮಾತ್ರ ನನ್ನದು ಎಂದು ಅವನು ಹೇಳಿ ಹೋಗಿದ್ದ. ನಾನು ಎಷ್ಟು ವಿವರಿಸಿದರೂ ಕದ್ದ ಉತ್ತರ ಒಪ್ಪಿಸುವವಳ ಹಾಗೆ ಕೇಳಿಸಿತು. ಅವನಿಗೆ ಕೆಲಸ ಸಿಕ್ಕಿತು. ಗೆಳತಿಗೂ ಸಿಕ್ಕಿತು. ನನಗೆ ಸಿಗಲಿಲ್ಲ.

ಮೈಯೆಲ್ಲ ಉರಿಯಿತು. ಸರ್ ಹತ್ತಿರ ಹೋಗಿ ಹೇಳಿದೆ. ಕೊನೆಯ ತಿಂಗಳಲ್ಲಿ ಜಗಳ ಯಾಕಮ್ಮಾ, ಅಡ್ಜಸ್ಟ್ ಮಾಡಿಕೋ ಎಂದರು.

ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ವೈವಾಕ್ಕೆ ಒಂದು ವಾರ ಉಳಿದಾಗ ಪ್ರತಿವರ್ಷದ ಪದ್ಧತಿ ಶುರುವಾಯಿತು. ಎಲ್ಲ ಗುಂಪಿನವರೂ ಕ್ಯಾಂಟೀನಿನಲ್ಲಿ ಕೂತು ಹದಿನಾರು ವಾರಗಳ ಡೈರಿಯನ್ನು ಒಂದೇ ಸಲಕ್ಕೆ ಬರೆಯುವುದು. ಬೇರೆ ಬೇರೆ ದಿನ ಬರೆದಂತೆ ಕಾಣಲು ಪೆನ್ನು ಬದಲಿಸುತ್ತಿದ್ದರು. ಲೀಡರ್ ಡೈರಿಯನ್ನು ನನ್ನ ಮುಂದೆ ಎಸೆದು, ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ ಎಂದ. ಅಷ್ಟು ಹೊತ್ತಿಗೆ ಏನು ಬರೆಯಬೇಕೆಂದು ನನಗೆ ಗೊತ್ತಾಗಿತ್ತು.

ಒಂದು ಮಧ್ಯಾಹ್ನವಿಡೀ ಕೂತು ನಿಜವನ್ನೇ ಬರೆದೆ. ಮೂರನೇ ವಾರ, ಲೀಡರ್ ಗೈರುಹಾಜರಿ, ಅವರ ಕೆಲಸವನ್ನು ಉಳಿದಿಬ್ಬರು ಮಾಡಿದರು. ಏಳನೇ ವಾರ, ಲೀಡರ್ ಸಿನಿಮಾಕ್ಕೆ ಹೋಗಿದ್ದರು. ಹನ್ನೊಂದನೇ ವಾರ, ಪ್ರೋಗ್ರಾಂ ಹೇಗೆ ಓಡಿಸುವುದೆಂದು ಲೀಡರ್ ಮೊದಲ ಸಲ ಕೇಳಿದರು. ಬಹುವಚನದಲ್ಲಿ, ಮರ್ಯಾದೆಯಿಂದ ಬರೆದೆ. ಪುಟಗಳು ತೀರಾ ಹೊಸದಾಗಿ ಕಂಡವು. ಬುದ್ಧಿವಂತಿಕೆ ಹೆಚ್ಚಾಗಿ, ಅಂಚಿಗೆ ಅರ್ಧ ಕಪ್ ಇರಾನಿ ಚಹಾ ಚೆಲ್ಲಿದೆ. ಆಮೇಲೆ ಸಹಿಗೆ ಕೊಟ್ಟೆ. ಅವನು ಯಾರೊಂದಿಗೋ ಹರಟುತ್ತ, ನಾನು ಕೊಟ್ಟ ಮೂರು ಪೆನ್ನುಗಳನ್ನು ಬದಲಿಸುತ್ತ, ಹದಿನಾರೂ ಕಡೆ ಸಹಿ ಹಾಕಿದ. ಒಂದು ಸಾಲನ್ನೂ ಓದಲಿಲ್ಲ. ಗೆಳತಿಯೂ ಹಾಕಿದಳು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಡೈರಿಯನ್ನು ಯಾರೂ ಓದುವುದಿಲ್ಲ, ಅವರು ಓದಿದರು. ಏಳನೇ ವಾರವನ್ನು ಗಟ್ಟಿಯಾಗಿ ಓದಿ, ಇದು ನಿನ್ನ ಸಹಿಯೇ ಎಂದು ಲೀಡರ್‌ನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ. ಸುಳ್ಳು ಎಂದರೆ ಸಹಿ ಯಾಕೆ ಹಾಕಿದೆ ಎನ್ನುತ್ತಾರೆ, ನಿಜ ಎಂದರೆ ಕಥೆ ಮುಗಿಯಿತು. ಅವನ ಕಿವಿ ಕೆಂಪಾಗುವುದನ್ನು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಪ್ರೋಗ್ರಾಂ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು, ನಾಲ್ಕಕ್ಕೂ ಅವನು ಜೋರು ಇಂಗ್ಲಿಷಿನಲ್ಲಿ ತಪ್ಪು ಉತ್ತರವನ್ನೇ ಕೊಟ್ಟ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಪರೀಕ್ಷಕರು ಪುಟಗಳನ್ನು ಹಿಂದೆ ಮುಂದೆ ತಿರುವಿದರು. ಮೊದಲ ವಾರದಿಂದ ಹದಿನಾರನೇ ವಾರದವರೆಗೆ ಒಂದೇ ಚಹಾ ಇಳಿದಿದೆಯಲ್ಲ, ಯಾವತ್ತು ಬರೆದದ್ದಮ್ಮಾ ಇದು ಎಂದು ನನ್ನನ್ನು ಕೇಳಿದರು. ಹೋದ ವಾರ ಎಂದೆ. ಅವನು ಮುಳುಗುತ್ತಿದ್ದ ಖುಷಿಯಲ್ಲಿ ಹೆದರಿಕೆಯೇ ಆಗಲಿಲ್ಲ.

ತಾರೀಖು ಸುಳ್ಳಾದ ಮೇಲೆ ಬರೆದದ್ದು ನಿಜವಾದರೂ ಅದು ದಾಖಲೆಯಲ್ಲ ಎಂದರು. ಮೂವರ ವೈವಾವನ್ನೂ ಮುಂದಿನ ಪರೀಕ್ಷೆಗೆ, ಆರು ತಿಂಗಳಾಚೆಗೆ ಹಾಕಿದರು. ಪಾಸಾಗದೆ ಕಂಪನಿ ಸೇರಿಸಿಕೊಳ್ಳುವ ಹಾಗಿರಲಿಲ್ಲ. ಲೀಡರ್‌ನ ಕೆಲಸ ಹೋಯಿತು. ಅದಕ್ಕೆ ನನಗೆ ಇವತ್ತಿಗೂ ಎಳ್ಳಷ್ಟು ಬೇಜಾರಿಲ್ಲ. ಹೋಗುವುದಕ್ಕೆ ನನ್ನ ಕೈಯಲ್ಲಿ ಕೆಲಸವೇ ಇರಲಿಲ್ಲ. ಗೆಳತಿಯ ಕೆಲಸವೂ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕೇಳಿದ್ದೆ. ಬರೆ ಎಳೆದವಳು ನಾನೇ ಆಗುತ್ತೇನೆ ಅಂದುಕೊಂಡಿರಲಿಲ್ಲ.

ಬಸ್‌ಸ್ಟಾಪಿನಲ್ಲಿ ಅವಳ ಪಕ್ಕ ನಿಂತು, ಅವನಿಗೆ ಹೀಗೇ ಆಗಬೇಕಿತ್ತು ಎಂದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಡೈರಿಯಲ್ಲಿ ಏನು ಬರೆದಿದ್ದೇನೆಂದು ಒಂದು ಮಾತು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದಳು. ಸಹಿ ಹಾಕುವಾಗ ನೀನಾದರೂ ಓದಬಹುದಿತ್ತಲ್ಲ ಎಂದುಬಿಟ್ಟೆ.

"ಅಂವಾ ಸೊಕ್ಕಿಲೆ ಓದಲಿಲ್ಲ," ಎಂದಳು. "ನಾ ಓದಲಿಲ್ಲ, ಯಾಕಂದ್ರ ಬರದಾಕಿ ನೀ ಇದ್ದಿ."