ಇವತ್ತು ಇವರು ಎರಡನೇ ಡಬ್ಬಿ ಕೇಳಿದರು

ಸ್ನೇಹಿತರೇ, ಇವತ್ತು ಕೊಪ್ಪದಲ್ಲಿ ಡಾಕ್ಟರ ಮುಂದೆ ಕೂತಿದ್ದೆವು. ನಮ್ಮವರ ಅಣ್ಣ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡವರು. ಹಾಗಾಗಿ ನಾವಿಬ್ಬರೂ ಮಲದ ಪರೀಕ್ಷೆ ಮಾಡಿಸಿದ್ದೆವು. ನನ್ನದರಲ್ಲಿ ಏನೂ ಇಲ್ಲ. ಇವರದರಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಂತೆ.

"ಇದು ಕ್ಯಾನ್ಸರೇ ಅಂತಲ್ಲ, ಮೂಲವ್ಯಾಧಿಯಿಂದಲೂ ಇರಬಹುದು. ಆದರೆ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು" ಎಂದರು ಡಾಕ್ಟರಮ್ಮ.

ಇವರು ಬಗ್ಗಲಿಲ್ಲ. "ಅದೆಲ್ಲ ಎಂತಕ್ಕೆ ಮೇಡಂ? ಇನ್ನೊಂದು ಡಬ್ಬಿ ಕೊಡಿ, ನಾಳೆ ಮತ್ತೆ ತಂದು ಕೊಡ್ತೆ. ಅದ್ರಲ್ಲಿ ಸರಿ ಬಂದ್ರೆ ಆಯ್ತಲ್ಲ."

"ಗಡ್ಡೆ ಇದ್ರೂ ದಿನಾ ರಕ್ತ ಬರೋದಿಲ್ಲ. ನಾಳೆ ಸರಿ ಬಂದ್ರೂ ಇವತ್ತಿನದು ಸುಳ್ಳಾಗೋದಿಲ್ಲ."

ಹೊರಗೆ ಬಂದ ಮೇಲೆ ಇವರು ಮೆಲ್ಲಗೆ ಕೇಳಿದರು, "ಅಣ್ಣಂಗೂ ಮೊದ್ಲು ಹೀಗೇ ಹೇಳಿದ್ರಲ್ದಾ?"

"ಹೇಳಿದ್ರು. ಅವ್ರು ನೋಡಿಸ್ಲಿಕ್ಕೆ ಹೋಗ್ಲಿಲ್ಲ" ಎಂದೆ.

ಸೋಮವಾರ ಕ್ಯಾಮೆರಾ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೊರಟಿದ್ದೇವೆ. ಹಿಂದಿನ ದಿನ ಬರೀ ಗಂಜಿತಿಳಿ ಕುಡಿಯಬೇಕಂತೆ. ಈಗ ಇವರ ತಕರಾರೆಲ್ಲ ಅದರ ಮೇಲೆ. ಮನೆಗೆ ಬಂದಾಗಿನಿಂದ ನಾನೂ ಬಿಡದೆ ಗಂಜಿಯ ವಿಷಯಕ್ಕೇ ಜಗಳ ಆಡುತ್ತಿದ್ದೇನೆ. ಜಗಳ ನಿಲ್ಲಿಸಿದರೆ ಬೇರೆ ಮಾತು ಬಂದೀತೆಂದು ಇಬ್ಬರಿಗೂ ಹೆದರಿಕೆ.